ಎರಡು-ಎ

ನಮ್ಮೂರಿಗೆ ಏರ್‌ಪೋರ್ಟಿಲ್ಲ.
ಇವರ ಪರ್ಸಿನಲ್ಲಿ, ದೇವರ ಫೋಟೋದ ಹಿಂದೆ,
ಬಂಗಾರದ ಬಣ್ಣದ ಒಂದು ಕಾರ್ಡು ಇದೆ.
ಮಂಡಕ್ಕಿ ಹುರಿಯುವ ಯಂತ್ರ ಮಾರಲು
ರಾಯಪುರ, ಭುವನೇಶ್ವರ, ಪಟ್ನಾ,
ವರ್ಷಕ್ಕೆ ಮೂವತ್ತು ಸಲ ಹಾರುತ್ತಾರೆ.
ಹಾರುವ ಮುಂಚೆ ಐದು ತಾಸು ಬಸ್ಸು,
ಹಾರಿ ಇಳಿದ ಮೇಲೆ ಮತ್ತೆ ಐದು.

ಕಳೆದ ಮಾರ್ಚಿನ ಕೊನೆಗೆ ಒಂದೇ ಒಂದು ಹಾರಾಟ ಕಡಿಮೆ ಬಿತ್ತು.
ಬಂಗಾರ ಬೆಳ್ಳಿಯಾಗಿಬಿಡುತ್ತದೆ ಅಂತ
ಹೈದರಾಬಾದಿಗೆ ಹೋಗಿ, ಊರೊಳಗೆ ಕಾಲಿಡದೆ,
ಇನ್ನೂರ ಹತ್ತು ರೂಪಾಯಿಯ ಚಹಾ ಕುಡಿದು ವಾಪಸು ಬಂದರು.
ಅಲ್ಲಿ ಏನು ಕೆಲಸವಿತ್ತು ಅಂದೆ.
ಹೋಗೋದೇ ಕೆಲಸ ಅಂದರು.

ನಿಟ್ಟುವಳ್ಳಿಯ ನಮ್ಮ ಕ್ರಾಸಿನಲ್ಲಿ
ಇವರಿಗೆ ಹೇಳದೆ ಯಾರೂ ಬಿಲ್ಲು ಕಟ್ಟುವ ಹಾಗಿಲ್ಲ.
"ನಗದು ನನ್ ಕೈಗೆ ಕೊಡ್ರಿ, ಕಾರ್ಡು ನಾನು ಉಜ್ತೀನಿ."
ಗೌಸಿಯಾಳ ಹೆರಿಗೆ, ಉಜ್ಜಿದರು.
ಪಂಪಾಪತಿ ಮೇಷ್ಟ್ರ ಎಲ್‌ಐಸಿ ಕಂತು,
ಬಾತಿಯ ಷಡಕನ ಟ್ರ್ಯಾಕ್ಟರಿನ ಹಿಂದಿನ ಟೈರು ಎರಡೂ,
ಎದುರುಮನೆ ಹುಡುಗಿಯ ನರ್ಸಿಂಗ್ ಫೀಸು.
ಸರ್ವಮಂಗಳಕ್ಕನ ಗರ್ಭಕೋಶ ತೆಗೆದ ದಿನ
ಆಸ್ಪತ್ರೆಯ ಕೌಂಟರಿನಲ್ಲಿ ನಿಂತು
ಮೊದಲು ಅಂದದ್ದು, ಅಯ್ಯೋ ಪಾಪ.
ಆಮೇಲೆ ಅಂದದ್ದು, ಸಾವಿರದ ಎಂಟುನೂರ ನಲವತ್ತು.

ಭಟ್ಟಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ
ಎಡಕ್ಕೆ ಹೆಸರು, ಬಲಕ್ಕೆ ಪಾಯಿಂಟು.
ರೂಪಾಯಿ ಬರೆಯುವುದೇ ಇಲ್ಲ.

ದಿಲ್ಲಿಯ ಯಂತ್ರಮೇಳಕ್ಕೆ ಈ ಸಲ ನನ್ನನ್ನೂ ಕರೆದರು.
ಎರಡು ಸೀಟಿಗೆ ಪಾಯಿಂಟು ಸುರಿದು
ಬಸ್ಸಿನುದ್ದಕ್ಕೂ ಫೋನು ನೋಡುತ್ತಾ ಬಂದರು.
ಗೇಟಿನ ಹುಡುಗಿ ನಕ್ಕಳು:
"ಮುಂದೆ ಒಂದೇ ಖಾಲಿ ಇದೆ ಸರ್, ಎರಡು-ಎ."
ಇವರು ಆ ಕಾಗದದ ಚೂರನ್ನು
ಹಸಿದವನು ಪಕ್ಕದವನ ತಟ್ಟೆ ನೋಡಿದ ಹಾಗೆ ನೋಡಿ
ನನ್ನ ಕೈಗಿಟ್ಟರು.
"ನೀನು ಕೂತ್ಕ ಹಾಲಮ್ಮ. ನನಗೇನು, ರೂಢಿ ಐತೆ."
ಯಾವುದರ ರೂಢಿ ಅಂತ ನಾನೂ ಕೇಳಲಿಲ್ಲ.
ಇಪ್ಪತ್ತೇಳು-ಇ, ನಡುವಿನದು, ಹುಡುಕುತ್ತಾ ಹೋದರು.

ಲೇಡೀಸ್ ಟೈಲರ್ ಅಂಗಡಿಯಷ್ಟೇ ತೆಳ್ಳಗಿನ ಪರದೆ.
ಎಳೆದರು.

ಕಾಲು ಚಾಚಿದೆ, ಮುಂದೆ ಯಾರೂ ಸಿಗಲಿಲ್ಲ.
ಬೆವರೇ ಬಾರದವಳಿಗೆ ಬಿಸಿ ಟವೆಲು ಕೊಟ್ಟರು.
ಮೊಣಕೈ ಕೆಳಗೆ ಮೇಷ್ಟ್ರ ಕಂತು,
ಮೀನಖಂಡದ ಕೆಳಗೆ ಟ್ರ್ಯಾಕ್ಟರಿನ ಟೈರು,
ಬೆನ್ನಿಗೆ ಮೆತ್ತಗೆ ತಾಗುತ್ತಿದ್ದುದು ಏನೆಂದು ಹೊಳೆದಾಗ
ತುಸು ಮುಂದೆ ಸರಿದು ಕೂತೆ.
ಎಷ್ಟು ಹೊತ್ತು?
ನಾಗಪುರ ದಾಟುವ ಮುಂಚೆಯೇ ಒರಗಿದೆ.
ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು.

ಒಮ್ಮೆ ಪರದೆ ಸರಿದು ಇವರ ತಲೆ ಬಂತು.
"ಸರ್, ನಿಮ್ಮ ಟಾಯ್ಲೆಟ್ ಹಿಂದಿದೆ."
ಮೂವತ್ತು ಸಲದ ಮನುಷ್ಯ, ಬಂಗಾರದ ಕಾರ್ಡಿನವರು,
ಹ್ಞೂಂ ಅಂದು,
ಹೆಂಗೈತೆ ಅಂತ ಬರೀ ಹುಬ್ಬಿನಲ್ಲಿ ಕೇಳಿದರು.
ಪರವಾಗಿಲ್ಲ ಅಂತ ಕೈಯಲ್ಲೇ ತೋರಿಸಿದೆ.
ಅಷ್ಟಕ್ಕೇ ಮುಖ ಅರಳಿತಲ್ಲ, ಅದು
ಯಾವ ಪುಸ್ತಕದಲ್ಲೂ ಏರಲಿಲ್ಲ.

ಊಟದ ಜೊತೆ ಹೆಬ್ಬೆಟ್ಟಿನಷ್ಟು ಎರಡು ಗಾಜಿನ ಕುಡಿಕೆ ಬಂದವು,
ಉಪ್ಪಿನದೊಂದು, ಮೆಣಸಿನದೊಂದು.
ಮುಚ್ಚಳ ತೆಗೆಯಲಿಲ್ಲ. ಬ್ಯಾಗಿಗೆ ಹಾಕಿಕೊಂಡೆ.

ಬಂದ ಮರುದಿನ ಸಂಜೆ ಸರ್ವಮಂಗಳಕ್ಕನ ಕಟ್ಟೆ.
ಪೇಪರಿನ ಮೇಲೆ ಖಾರಮಂಡಕ್ಕಿ, ಬದಿಗೆ ಮಿರ್ಚಿ.
"ತಗೋ, ನಿಂಗೆ ಅಂತ ತಂದೆ, ವಿಮಾನದ್ದು."
ತಿರುಗಿಸಿ ತಿರುಗಿಸಿ ನೋಡಿದಳು,
ಬಿಪಿ ಐತೆ, ಡಾಕ್ಟರು ಉಪ್ಪು ಬ್ಯಾಡ ಅಂದಾರೆ ಅನ್ನುತ್ತಲೇ
ಮುಚ್ಚಳ ಕಿತ್ತು ಪೂರ್ತಿ ಸುರಿದಳು.
ಒಂದು ಹಿಡಿ ಬಾಯಿಗೆ ಹಾಕಿ, ಅಗಿದು,
ಸ್ವಲ್ಪ ಹೊತ್ತು ಬೀದಿ ನೋಡಿ ಅಂದಳು:
"ನಮ್ಮನಿ ಉಪ್ಪಿನಂಗೇ ಐತಲ್ಲೇ."